ವೆಂಡೆಲ್ ಸ್ಕಾಟ್: 495 ರೇಸ್, ಒಂದು ಗೆಲುವು. ಇವರನ್ನು ಅಳೆಯುವುದು ಹೇಗೆ?

ಹಳೆಯ ಎಂಜಿನ್

ರೇಸ್ ಚಾಲಕನೊಬ್ಬನ ಹೆಸರು ಬಂದ ಕೂಡಲೇ ನಾವು ಕೇಳುವ ಮೊದಲ ಪ್ರಶ್ನೆ, ಎಷ್ಟು ಗೆದ್ದಿದ್ದಾನೆ ಎಂಬುದು. ಆ ಲೆಕ್ಕ ಹಿಡಿದರೆ ವರ್ಜೀನಿಯಾದ ವೆಂಡೆಲ್ ಸ್ಕಾಟ್ ಪಟ್ಟಿಯಲ್ಲಿ ಎಲ್ಲೋ ತಳದಲ್ಲಿ ಸಿಗುತ್ತಾರೆ. ಅಮೆರಿಕದ ಕಾರ್ ರೇಸ್ ಸಂಸ್ಥೆಯಾದ ನ್ಯಾಸ್ಕಾರ್‌ನ ಅತ್ಯುನ್ನತ ದರ್ಜೆಯಲ್ಲಿ 1961ರಿಂದ 1973ರವರೆಗೆ 495 ರೇಸ್ ಓಡಿಸಿ ಗೆದ್ದದ್ದು ಒಂದನ್ನು ಮಾತ್ರ. ಆದರೂ ಆ ಕಾಲದ ಅಮೆರಿಕನ್ ಚಾಲಕರಲ್ಲಿ ಅವರನ್ನು ನಾನು ಮೊದಲ ಸಾಲಿನಲ್ಲಿಯೇ ನಿಲ್ಲಿಸುತ್ತೇನೆ. ಏಕೆಂದು ಹೇಳುತ್ತೇನೆ, ಒಪ್ಪದವರು ಖಂಡಿತ ವಾದಿಸಿ.

ಸ್ಕಾಟ್ ಹುಟ್ಟಿದ್ದು 1921ರ ಆಗಸ್ಟ್ 29ರಂದು, ಡ್ಯಾನ್‌ವಿಲ್ ಎಂಬ ಊರಿನಲ್ಲಿ. ಬಟ್ಟೆ ಗಿರಣಿ ಮತ್ತು ಹೊಗೆಸೊಪ್ಪಿನ ಊರು ಅದು. ಆಫ್ರಿಕನ್ ಅಮೆರಿಕನ್ ಕುಟುಂಬ. ತಂದೆಗೆ ಕಾರುಗಳ ಕೆಲಸ ಗೊತ್ತಿತ್ತು, ಮಗನಿಗೂ ಅದೇ ಕೈಗೆ ಹತ್ತಿತು. ಶಾಲೆಯನ್ನು ಅರ್ಧಕ್ಕೇ ಬಿಟ್ಟರು, ಟ್ಯಾಕ್ಸಿ ಓಡಿಸಿದರು. ಎರಡನೆಯ ಮಹಾಯುದ್ಧದಲ್ಲಿ ಸೈನ್ಯ ಸೇರಿ ಯುರೋಪಿನಲ್ಲಿ ವಾಹನ ರಿಪೇರಿ ಮಾಡಿದರು. ಯುದ್ಧ ಮುಗಿಸಿ ಬಂದು ಗ್ಯಾರೇಜ್ ನಡೆಸತೊಡಗಿದರು. ಅದರ ಜೊತೆಗೆ ರಾತ್ರಿಯ ಕೆಲಸವೂ ಒಂದಿತ್ತು: ಕಳ್ಳಭಟ್ಟಿಯ ವಿಸ್ಕಿಯನ್ನು ಕಾರಿನಲ್ಲಿ ತುಂಬಿಕೊಂಡು ಪೊಲೀಸರಿಗೆ ಸಿಗದಂತೆ ಸಾಗಿಸುವುದು. 1949ರಲ್ಲಿ ಒಮ್ಮೆ ಸಿಕ್ಕಿಬಿದ್ದರು.

ಅವರು ರೇಸಿಗೆ ಬಂದ ದಾರಿಯೂ ಅದೇ. 1952ರಲ್ಲಿ ಡ್ಯಾನ್‌ವಿಲ್‌ನ ಜಾತ್ರೆ ಮೈದಾನದಲ್ಲಿ ರೇಸ್ ನಡೆಸುತ್ತಿದ್ದವರಿಗೆ ಜನ ಸಾಲದಾಯಿತು. ಕಪ್ಪುವರ್ಣೀಯ ಚಾಲಕನೊಬ್ಬ ಇದ್ದರೆ ಟಿಕೆಟ್ ಹೆಚ್ಚು ಮಾರಾಟವಾಗುತ್ತದೆ ಎಂದುಕೊಂಡ ಅವರು, ಊರಿನಲ್ಲಿ ವೇಗವಾಗಿ ಓಡಿಸುವ ಅಂಥವನು ಯಾರಿದ್ದಾನೆ ಎಂದು ಪೊಲೀಸರನ್ನೇ ಕೇಳಿದರು. ಬೆನ್ನಟ್ಟಿ ಬೇಸತ್ತಿದ್ದ ಪೊಲೀಸರು ಸ್ಕಾಟ್ ಹೆಸರು ಹೇಳಿದರು. ಆಗ ಅವರಿಗೆ 30 ವರ್ಷ.

ಇತಿಹಾಸ ವಿದ್ಯಾರ್ಥಿನಿ

ಒಳ್ಳೆಯ ವಿಷಯ ಎತ್ತಿದ್ದೀರಿ. ಊರಿನ ಬಗ್ಗೆ ಒಂದು ಮಾತು ಸೇರಿಸಬೇಕು. 1865ರ ಏಪ್ರಿಲ್‌ನಲ್ಲಿ, ಅಂತರ್ಯುದ್ಧ ಮುಗಿಯುವ ಹೊತ್ತಿಗೆ, ರಿಚ್ಮಂಡ್ ಬಿಟ್ಟು ಓಡಿದ ದಕ್ಷಿಣದ ಒಕ್ಕೂಟದ ಸರ್ಕಾರ ಒಂದು ವಾರ ಬೀಡುಬಿಟ್ಟದ್ದು ಇದೇ ಡ್ಯಾನ್‌ವಿಲ್‌ನಲ್ಲಿ. ಗುಲಾಮಗಿರಿಯನ್ನು ಉಳಿಸಿಕೊಳ್ಳಲು ಹೋರಾಡಿದ ಪಕ್ಷದ ಕೊನೆಯ ರಾಜಧಾನಿ ಎಂಬ ಹೆಸರನ್ನು ಊರು ಬಹಳ ಕಾಲ ಹೆಮ್ಮೆಯಿಂದಲೇ ಹೇಳಿಕೊಂಡಿತು. ಸ್ಕಾಟ್ ಬೆಳೆದ ಕಾಲದಲ್ಲಿ ಅಲ್ಲಿ ಶಾಲೆ ಬೇರೆ, ಹೋಟೆಲ್ ಬೇರೆ, ಬಸ್ಸಿನಲ್ಲಿ ಆಸನ ಬೇರೆ. ರೇಸಿನ ಮೈದಾನಗಳೂ ಹಾಗೆಯೇ ಇದ್ದವು.

ನ್ಯಾಸ್ಕಾರ್‌ನ ಬಾಗಿಲು ಅವರಿಗೆ ಒಮ್ಮೆಲೇ ತೆರೆಯಲಿಲ್ಲ. ಡ್ಯಾನ್‌ವಿಲ್‌ನ ರೇಸ್ ನಡೆಸಿದ್ದು ನ್ಯಾಸ್ಕಾರ್‌ನ ಪ್ರತಿಸ್ಪರ್ಧಿಯಾಗಿದ್ದ ಡಿಕ್ಸಿ ಸರ್ಕ್ಯೂಟ್. ಅದಾದ ಮೇಲೆ ಕಾರನ್ನು ಎಳೆದುಕೊಂಡು ನ್ಯಾಸ್ಕಾರ್ ರೇಸಿಗೆ ಹೋದಾಗ ಮೈದಾನದಿಂದಲೇ ವಾಪಸ್ ಕಳುಹಿಸಿದರು. ಕೊನೆಗೆ ರಿಚ್ಮಂಡ್‌ನ ಸಣ್ಣ ಮೈದಾನದಲ್ಲಿ ಮೈಕ್ ಪೋಸ್ಟನ್ ಎಂಬ ಅಧಿಕಾರಿಯ ಬಳಿ ಪರವಾನಗಿ ಕೇಳಿದರು. ಬಹಳ ಕಷ್ಟ ಅನುಭವಿಸಬೇಕಾದೀತು ಎಂದು ಎಚ್ಚರಿಸಿ, ಪೋಸ್ಟನ್ ಪರವಾನಗಿ ಕೊಟ್ಟರು. ಮೇಲಿನವರಿಗೆ ಅದು ಹಿಡಿಸಲಿಲ್ಲ. ನಿಯಮದಲ್ಲಿ ಬಣ್ಣದ ಮಾತೇ ಇರಲಿಲ್ಲ. ತಡೆಯುವವರು ಪ್ರತಿ ಊರಿನ ಬಾಗಿಲಲ್ಲಿ ನಿಂತಿದ್ದರು. ಪೋಸ್ಟನ್ ಅವರಂಥ ಒಬ್ಬ ಅಧಿಕಾರಿ ಸಹಿ ಹಾಕಿದ್ದರಿಂದ ಇಡೀ ಬದುಕು ಬೇರೆ ದಿಕ್ಕು ಹಿಡಿಯಿತು.

ಧೂಳಿನ ದಾರಿ

ಆ ಪರವಾನಗಿಯ ಮರುವರ್ಷದ ಒಂದು ಘಟನೆಯನ್ನು ಸ್ಕಾಟ್ ಸ್ವತಃ ಹೇಳಿದ್ದಾರೆ. 1954ರ ಏಪ್ರಿಲ್‌ನಲ್ಲಿ ರಾಲಿಯಲ್ಲಿ ರೇಸ್ ನಡೆಸಿದವರು ಬಂದಿದ್ದ ಬಿಳಿಯ ಚಾಲಕರಿಗೆಲ್ಲ ಪೆಟ್ರೋಲ್ ಖರ್ಚು ಕೊಟ್ಟು ಸ್ಕಾಟ್‌ಗೆ ಮಾತ್ರ ಕೊಡಲಿಲ್ಲ. ಮರುದಿನ ಲಿಂಚ್‌ಬರ್ಗ್‌ನಲ್ಲಿ ನ್ಯಾಸ್ಕಾರ್ ಸ್ಥಾಪಕ ಬಿಲ್ ಫ್ರಾನ್ಸ್ ಅವರನ್ನು ಮೊದಲ ಬಾರಿ ಭೇಟಿಯಾಗಿ ಸ್ಕಾಟ್ ನಡೆದದ್ದನ್ನು ಹೇಳಿದರು. ಫ್ರಾನ್ಸ್ ಜೇಬಿಗೆ ಕೈಹಾಕಿ, ಬರಬೇಕಿದ್ದ 15 ಡಾಲರ್ ಬದಲು 30 ಡಾಲರ್ ಕೊಟ್ಟು, ನೀನು ನ್ಯಾಸ್ಕಾರ್ ಸದಸ್ಯ, ಇನ್ನು ಮುಂದೆ ನಿನ್ನನ್ನು ಸದಸ್ಯನಂತೆಯೇ ನೋಡಿಕೊಳ್ಳುತ್ತೇವೆ ಎಂಬ ಭರವಸೆ ಕೊಟ್ಟರಂತೆ.

ಆ ಭರವಸೆಯನ್ನು ಎಷ್ಟರಮಟ್ಟಿಗೆ ಉಳಿಸಿಕೊಂಡರು ಎಂಬುದೇ ಸ್ಕಾಟ್ ಅವರ ಮುಂದಿನ ಕಥೆ. ಡಾರ್ಲಿಂಗ್ಟನ್ ಮೈದಾನದವರು ವರ್ಷಗಟ್ಟಲೆ ಅವರಿಗೆ ಪ್ರವೇಶ ಕೊಡಲಿಲ್ಲ. ಆ ಮೈದಾನ ದಕ್ಷಿಣದ ರೇಸಿಂಗ್‌ಗೆ ತವರುಮನೆ ಇದ್ದಂತೆ.

ಅಂಕಿ ಅಂಶ

ಕಷ್ಟಗಳ ಬಗ್ಗೆ ನನ್ನ ತಕರಾರಿಲ್ಲ. ಮೊದಲ ಬರಹದ ವಾದದ ಬಗ್ಗೆ ಇದೆ. ಒಬ್ಬ ಮನುಷ್ಯನ ಧೈರ್ಯವನ್ನು ಮೆಚ್ಚುವುದು ಬೇರೆ, ಚಾಲಕನಾಗಿ ಮೊದಲ ಸಾಲಿನವನು ಎನ್ನುವುದು ಬೇರೆ. ಅದೇ ದಶಕದಲ್ಲಿ ರಿಚರ್ಡ್ ಪೆಟ್ಟಿ 1967ರ ಒಂದೇ ಋತುವಿನಲ್ಲಿ 27 ರೇಸ್ ಗೆದ್ದರು. ಡೇವಿಡ್ ಪಿಯರ್ಸನ್ ಇದ್ದರು, ನೆಡ್ ಜ್ಯಾರೆಟ್ ಇದ್ದರು. ಸಹಾನುಭೂತಿಯಿಂದ ಅಂಕ ಕೊಡತೊಡಗಿದರೆ ಅದು ಸ್ಕಾಟ್ ಅವರಿಗೂ ಗೌರವ ತರುವುದಿಲ್ಲ. ಅವರ ಚಾಲನೆಯ ಬಗ್ಗೆ ಪುರಾವೆ ಏನಿದೆ, ಅದನ್ನು ಕೊಡಿ.

ಇನ್ನೊಂದು ವಿಷಯ. ನ್ಯಾಸ್ಕಾರ್‌ನ ಮೇಲಿನ ದರ್ಜೆಯಲ್ಲಿ ಓಡಿಸಿದ ಮೊದಲ ಕಪ್ಪುವರ್ಣೀಯ ಚಾಲಕ ಸ್ಕಾಟ್ ಎಂದು ಅಲ್ಲಲ್ಲಿ ಬರೆಯುತ್ತಾರೆ. ಅದು ಸರಿಯಲ್ಲ. 1955ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಎಲಿಯಾಸ್ ಬೋವಿ ಓಡಿಸಿದ್ದರು. 1956ರಲ್ಲಿ ಡೇಟೋನಾದ ಕಡಲತೀರದ ರೇಸಿನಲ್ಲಿ ಚಾರ್ಲಿ ಸ್ಕಾಟ್ ಓಡಿಸಿದ್ದರು. ಇಬ್ಬರೂ ಒಂದೊಂದು ರೇಸ್.

ಹಳೆಯ ಎಂಜಿನ್

ಬೋವಿ ಮತ್ತು ಚಾರ್ಲಿ ಸ್ಕಾಟ್ ಹೆಸರು ಹೇಳಿದ್ದು ಒಳ್ಳೆಯದಾಯಿತು. ಅವರಿಗಿಂತ ಮುಂಚೆ, 1924ರಿಂದ 1936ರವರೆಗೆ, ಇಂಡಿಯಾನಾಪೊಲಿಸ್‌ನಲ್ಲಿ ಕಪ್ಪುವರ್ಣೀಯ ಚಾಲಕರು ತಮ್ಮದೇ ರೇಸ್ ನಡೆಸಿದ್ದರು. ಅದರಲ್ಲಿ ಚಾರ್ಲಿ ವಿಗ್ಗಿನ್ಸ್ ದೊಡ್ಡ ಹೆಸರು. ಎಲ್ಲರೂ ಅಲ್ಲೊಮ್ಮೆ ಇಲ್ಲೊಮ್ಮೆ ಕಂಡು ಮರೆಯಾದರು, ಅಥವಾ ಮರೆಯಾಗುವಂತೆ ಮಾಡಲಾಯಿತು. ಸ್ಕಾಟ್ ಒಬ್ಬರೇ ವಾರ ವಾರವೂ, ವರ್ಷ ವರ್ಷವೂ ಬಂದರು.

ಪುರಾವೆ ಕೇಳಿದ್ದೀರಿ. 1959ರಲ್ಲಿ, ಮೇಲಿನ ದರ್ಜೆಗೆ ಬರುವ ಮೊದಲು, ಅವರು ಸ್ಪೋರ್ಟ್ಸ್‌ಮನ್ ವರ್ಗದಲ್ಲಿ ವರ್ಜೀನಿಯಾ ರಾಜ್ಯದ ಚಾಂಪಿಯನ್ ಆದರು. ರಿಚ್ಮಂಡ್‌ನ ಸೌತ್‌ಸೈಡ್ ಮೈದಾನದ ಪ್ರಶಸ್ತಿಯನ್ನೂ ಅದೇ ವರ್ಷ ಗೆದ್ದರು. ಹಣದ ಅಂತರ ಅಷ್ಟಾಗಿ ಇಲ್ಲದ ಸಣ್ಣ ಮೈದಾನಗಳಲ್ಲಿ ಅವರು ಗೆಲ್ಲುತ್ತಿದ್ದರು. 1961ರ ಮಾರ್ಚ್‌ನಲ್ಲಿ ಸ್ಪಾರ್ಟನ್‌ಬರ್ಗ್‌ನಲ್ಲಿ ಗ್ರ್ಯಾಂಡ್ ನ್ಯಾಷನಲ್ ಎಂಬ ಆ ಮೇಲಿನ ದರ್ಜೆಗೆ ಕಾಲಿಟ್ಟಾಗ ಅವರಿಗೆ 39 ವರ್ಷ. ಬೇರೆಯವರು ನಿವೃತ್ತಿಯ ಮಾತಾಡುವ ವಯಸ್ಸಿನಲ್ಲಿ ಶುರು ಮಾಡಿ, 20 ಬಾರಿ ಮೊದಲ ಐದರಲ್ಲಿ, 147 ಬಾರಿ ಮೊದಲ ಹತ್ತರಲ್ಲಿ ಮುಗಿಸಿದರು. 1966ರಲ್ಲಿ ಇಡೀ ಋತುವಿನ ಅಂಕಪಟ್ಟಿಯಲ್ಲಿ ಆರನೆಯ ಸ್ಥಾನ ಪಡೆದರು.

ಗ್ಯಾರೇಜಿನವನು

ನಾನು ಹುಬ್ಬಳ್ಳಿಯಲ್ಲಿ ಲಾರಿ ಎಂಜಿನ್ ಕೆಲಸ ಮಾಡುವವನು. ರೇಸಿನ ಇತಿಹಾಸ ಅಷ್ಟಾಗಿ ಗೊತ್ತಿಲ್ಲದಿದ್ದರೂ ಸ್ಕಾಟ್ ಅವರ ಕಾರಿನ ಮೇಲೆ ಬರೆದಿದ್ದ ಒಂದು ಸಾಲು ನನ್ನನ್ನು ಹಿಡಿದು ನಿಲ್ಲಿಸಿತು. ಬೇರೆ ಕಾರುಗಳ ಮೇಲೆ ಮೆಕ್ಯಾನಿಕ್‌ನ ಹೆಸರು ಇರುವ ಜಾಗದಲ್ಲಿ ಇವರು "ಮೆಕ್ಯಾನಿಕ್: ನಾನೇ" ಎಂದು ಬರೆಸಿದ್ದರು.

ಈ ಒಂದು ಸಾಲಿನಲ್ಲಿ ಏನೆಲ್ಲ ಅಡಗಿದೆ ನೋಡಿ. ಕಂಪನಿಯ ತಂಡದ ಚಾಲಕ ಎಂಜಿನನ್ನು ಅದರ ಕೊನೆಯ ಉಸಿರಿನವರೆಗೂ ಹಿಂಡಬಹುದು. ಒಡೆದರೆ ಮುಂದಿನ ವಾರ ಹೊಸದೊಂದು ಬಂದು ಕೂರುತ್ತದೆ. ತನ್ನ ಎಂಜಿನನ್ನು ತಾನೇ ಬಿಚ್ಚಿ, ತಾನೇ ಕೂರಿಸಿ, ಮುಂದಿನ ರೇಸಿಗೂ ಅದನ್ನೇ ಒಯ್ಯಬೇಕಾದವನ ಬಲಗಾಲು ಬೇರೆ ರೀತಿ ಕೆಲಸ ಮಾಡುತ್ತದೆ. ಬೇರಿಂಗಿನ ಸದ್ದು ಸ್ವಲ್ಪ ಬದಲಾದರೂ ಅವನ ಕಿವಿಗೆ ಗೊತ್ತಾಗುತ್ತದೆ, ಕಾಲು ತಾನಾಗಿ ಹಿಂದೆ ಸರಿಯುತ್ತದೆ. ನೇರ ದಾರಿಯ ಕೊನೆಯಲ್ಲಿ ಬೇರೆಯವರಿಗಿಂತ ಮೊದಲೇ ವೇಗ ಬಿಡುತ್ತಾನೆ. ಆಗ ಬ್ರೇಕ್ ಉಳಿಯುತ್ತದೆ, ಟೈರ್ ಉಳಿಯುತ್ತದೆ, ವಾಲ್ವ್ ಸ್ಪ್ರಿಂಗ್ ಉಳಿಯುತ್ತದೆ. ಹೊರಗಿನಿಂದ ನೋಡುವವನಿಗೆ ಅದು ನಿಧಾನದ ಚಾಲನೆ. ನನ್ನ ಪ್ರಕಾರ, ಸವೆದ ಟೈರು ಹಳೆಯ ಎಂಜಿನ್ ಇಟ್ಟುಕೊಂಡು ನೂರಾರು ಮೈಲಿ ಓಡಿಸಿ ಹತ್ತರೊಳಗೆ ಮುಗಿಸುವುದು ಹೊಸ ಕಾರಿನಲ್ಲಿ ಮೂರನೆಯವನಾಗುವುದಕ್ಕಿಂತ ಕಷ್ಟದ ವಿದ್ಯೆ.

ಮಕ್ಕಳು ದೊಡ್ಡವರಾದ ಮೇಲೆ ಅವರೇ ಪಿಟ್‌ನಲ್ಲಿ, ಅಂದರೆ ರೇಸ್ ನಡುವೆ ಕಾರು ನಿಲ್ಲಿಸುವ ಜಾಗದಲ್ಲಿ, ಟೈರ್ ಬದಲಿಸುತ್ತಿದ್ದರು, ಪೆಟ್ರೋಲ್ ಹಾಕುತ್ತಿದ್ದರು. ಇಡೀ ಮನೆಯೇ ಒಂದು ರೇಸ್ ತಂಡ.

ಧೂಳಿನ ದಾರಿ

ಇನ್ನು ಜ್ಯಾಕ್ಸನ್‌ವಿಲ್ ವಿಷಯಕ್ಕೆ ಬರೋಣ. 1963ರ ಡಿಸೆಂಬರ್ 1. ಕೆನಡಿ ಹತ್ಯೆಯಾಗಿ ಒಂಬತ್ತು ದಿನ. ಫ್ಲಾರಿಡಾದ ಸ್ಪೀಡ್‌ವೇ ಪಾರ್ಕ್, ಅರ್ಧ ಮೈಲಿ ಸುತ್ತಳತೆಯ ಮಣ್ಣಿನ ಮೈದಾನ. 200 ಸುತ್ತು, ಅಂದರೆ 100 ಮೈಲಿ. ಲೆಕ್ಕಕ್ಕೆ ಅದು 1964ರ ಋತುವಿನ ರೇಸ್. ಸ್ಕಾಟ್ ಓಡಿಸಿದ್ದು ನೆಡ್ ಜ್ಯಾರೆಟ್ ಅವರಿಂದ ಕೊಂಡ ಹಳೆಯ ಷೆವ್ರೊಲೆ ಬೆಲ್ ಏರ್, ಸಂಖ್ಯೆ 34. ಆ ವರ್ಷದ ಜನವರಿಯಲ್ಲಿಯೇ ಜನರಲ್ ಮೋಟಾರ್ಸ್ ರೇಸಿಂಗ್‌ನಿಂದ ಹಿಂದೆ ಸರಿದಿತ್ತು. ಅಂದರೆ ಕಂಪನಿಯೇ ಕೈಬಿಟ್ಟ ಕಾರು, ಅದೂ ಎರಡನೆಯ ಕೈಯದು.

ಮೈದಾನ ಹಾಳಾಗಿತ್ತು, ಗುಂಡಿಗಳು ಬಿದ್ದಿದ್ದವು. ಪೆಟ್ಟಿ ಮುಂದಿದ್ದರು. ಕೊನೆಗೆ 25 ಸುತ್ತು ಉಳಿದಿರುವಾಗ, ಪೆಟ್ಟಿಯ ಕಾರು ತೊಂದರೆಗೆ ಸಿಕ್ಕಿ ನಿಧಾನವಾಯಿತು. ಸ್ಕಾಟ್ ಪೆಟ್ಟಿಯನ್ನು ದಾಟಿದರು. ಆಮೇಲೆ ಯಾರಿಗೂ ದಾರಿ ಬಿಡಲಿಲ್ಲ. 200 ಸುತ್ತು ಮುಗಿಸಿದರು, ರೇಸ್ ಮುಗಿಯಿತೆಂದು ತೋರಿಸುವ ಬಾವುಟ ಬೀಳಲಿಲ್ಲ. ಮತ್ತೊಂದು ಸುತ್ತು ಹೋದರು, ಆಗಲೂ ಬಾವುಟವಿಲ್ಲ. 202ನೆಯ ಸುತ್ತು ಮುಗಿದ ಮೇಲೆ ಗೆದ್ದವರು ಬಕ್ ಬೇಕರ್ ಎಂದು ಘೋಷಿಸಿದರು. ಬೇಕರ್ ಎರಡು ಸುತ್ತು ಹಿಂದಿದ್ದರು. ಟ್ರೋಫಿ, ಸಂಭ್ರಮ, ಫೋಟೊ ಎಲ್ಲವೂ ಬೇಕರ್ ಪಾಲಾಯಿತು. ಸ್ಕಾಟ್ ದೂರು ಕೊಟ್ಟರು, ಗಂಟೆಗಟ್ಟಲೆ ಲೆಕ್ಕ ತಿರುವಿಹಾಕಿದರು, ಜನ ಮನೆಗೆ ಹೋದ ಮೇಲೆ ಗೆದ್ದದ್ದು ಸ್ಕಾಟ್ ಎಂದು ಒಪ್ಪಿಕೊಂಡರು. 1,000 ಡಾಲರ್ ಬಹುಮಾನ ಬಂತು. ಟ್ರೋಫಿ ಅಷ್ಟರಲ್ಲಿ ಬೇಕರ್ ಜೊತೆ ಹೊರಟುಹೋಗಿತ್ತು.

ಅಂಕಿ ಅಂಶ

ಇಲ್ಲಿ ನ್ಯಾಯವಾಗಿ ಒಂದು ಮಾತು ಹೇಳಲೇಬೇಕು. ಆ ಕಾಲದಲ್ಲಿ ಸುತ್ತುಗಳ ಲೆಕ್ಕವನ್ನು ಕೈಯಲ್ಲಿ ಬರೆಯುತ್ತಿದ್ದರು. ಪ್ರತಿ ಕಾರಿಗೂ ಒಬ್ಬ ಲೆಕ್ಕಿಗ. ಎಷ್ಟೋ ಸಲ ಚಾಲಕನ ಹೆಂಡತಿಯೋ ಸ್ನೇಹಿತನೋ. ಕಾರು ಮುಂದೆ ಹಾದುಹೋದಾಗಲೆಲ್ಲ ದೊಡ್ಡ ಗಡಿಯಾರ ನೋಡಿ ಕಾರ್ಡಿನಲ್ಲಿ ಸಮಯ ಬರೆಯಬೇಕು. ಮಣ್ಣಿನ ಮೈದಾನ, ಧೂಳಿನಲ್ಲಿ ಕಾರಿನ ಸಂಖ್ಯೆ ಕಾಣುವುದೇ ಕಷ್ಟ. ಒಂದು ಸಾಲು ತಪ್ಪಿದರೆ ಒಂದು ಸುತ್ತೇ ಮಾಯ.

ಇಂಥ ಗೊಂದಲ ಬಿಳಿಯ ಚಾಲಕರಿಗೂ ಆಗಿದೆ. 1959ರ ಮೊದಲ ಡೇಟೋನಾ 500ರಲ್ಲಿ ಜಾನಿ ಬೋಶಾಂಪ್ ಗೆದ್ದರೆಂದು ಘೋಷಿಸಿ, ಛಾಯಾಚಿತ್ರ ಮತ್ತು ಚಲನಚಿತ್ರ ನೋಡಿ ಮೂರು ದಿನಗಳ ನಂತರ ಲೀ ಪೆಟ್ಟಿ ಗೆದ್ದರೆಂದು ತಿದ್ದಿದರು. ಅದೇ ವರ್ಷ ಅಟ್ಲಾಂಟಾದಲ್ಲಿ ರಿಚರ್ಡ್ ಪೆಟ್ಟಿಗೆ ಮೊದಲ ಗೆಲುವು ಬಂತೆಂದು ಸಂಭ್ರಮಿಸುತ್ತಿರುವಾಗ ಸ್ವತಃ ತಂದೆ ಲೀ ದೂರು ಕೊಟ್ಟು ಆ ಗೆಲುವನ್ನು ತನ್ನದಾಗಿಸಿಕೊಂಡರು. ಹೀಗಿರುವಾಗ ಜ್ಯಾಕ್ಸನ್‌ವಿಲ್‌ನಲ್ಲಿ ನಡೆದದ್ದು ಪಿತೂರಿಯೇ ಎಂದು ಹೇಗೆ ಹೇಳುವುದು?

ಇತಿಹಾಸ ವಿದ್ಯಾರ್ಥಿನಿ

ಲೆಕ್ಕ ತಪ್ಪುವುದು ಸಹಜ ಎಂಬುದನ್ನು ಒಪ್ಪುತ್ತೇನೆ. ಆದರೆ ನೀವು ಕೊಟ್ಟ ಉದಾಹರಣೆಗಳೇ ನಿಮಗೆ ಉತ್ತರ ಹೇಳುತ್ತವೆ. ಲೀ ಪೆಟ್ಟಿಗೆ ಮೂರು ದಿನಗಳಲ್ಲಿ ನ್ಯಾಯ ಸಿಕ್ಕಿತು, ಡೇಟೋನಾದ ಮೊದಲ ವಿಜೇತ ಎಂದು ದೇಶವೆಲ್ಲ ಅವರನ್ನು ಕೊಂಡಾಡಿತು. ಸ್ಕಾಟ್‌ಗೆ ಏನಾಯಿತು? ಸುಮಾರು ಒಂದು ತಿಂಗಳ ನಂತರ ಸವಾನಾ ಮೈದಾನದಲ್ಲಿ ಮರದ ತುಂಡಿನಂಥ ಅಗ್ಗದ ವಸ್ತುವೊಂದನ್ನು ಟ್ರೋಫಿ ಎಂದು ಕೈಗಿತ್ತರು. 1990ರ ಡಿಸೆಂಬರ್ 23ರಂದು ಕ್ಯಾನ್ಸರ್‌ನಿಂದ ತೀರಿಕೊಳ್ಳುವವರೆಗೂ ಅಸಲಿ ಟ್ರೋಫಿಯನ್ನು ಅವರು ಕಾಣಲಿಲ್ಲ. 2010ರಲ್ಲಿ ಜ್ಯಾಕ್ಸನ್‌ವಿಲ್‌ನವರು ಕುಟುಂಬಕ್ಕೆ ಒಂದು ಪ್ರತಿಕೃತಿ ಕೊಟ್ಟರು. ನ್ಯಾಸ್ಕಾರ್ ಕೊಟ್ಟದ್ದು 2021ರ ಆಗಸ್ಟ್ 28ರಂದು, ಡೇಟೋನಾದಲ್ಲಿ. ಅವರು ಬದುಕಿದ್ದರೆ ಮರುದಿನ ನೂರು ತುಂಬುತ್ತಿತ್ತು.

ಅಂದಿನ ಪದ್ಧತಿಯಂತೆ ವಿಜೇತನಿಗೆ ಟ್ರೋಫಿ ಕೊಡುವಾಗ ಸುಂದರಿಯೊಬ್ಬಳು ಮುತ್ತಿಡುತ್ತಿದ್ದಳು. ಕಪ್ಪುವರ್ಣೀಯ ಗಂಡಸಿಗೆ ಬಿಳಿಯ ಹೆಣ್ಣು ಮುತ್ತಿಡುವ ದೃಶ್ಯ ದಕ್ಷಿಣದ ಪ್ರೇಕ್ಷಕರ ಮುಂದೆ ನಡೆಯಬಾರದೆಂದೇ ಹೀಗೆ ಮಾಡಿದರು ಎಂದು ಸ್ಕಾಟ್ ನಂಬಿದ್ದರು, ಕುಟುಂಬವೂ ನಂಬಿದೆ. ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ಬರ್ಮಿಂಗ್‌ಹ್ಯಾಮ್‌ನ ಚರ್ಚಿನಲ್ಲಿ ಬಾಂಬ್ ಇಟ್ಟು ನಾಲ್ವರು ಹೆಣ್ಣುಮಕ್ಕಳನ್ನು ಕೊಂದಿದ್ದರು. ಆ ವಾತಾವರಣದಲ್ಲಿ ನಿಂತವನಿಗೆ ಆ ಭಯ ಕಲ್ಪನೆಯದಲ್ಲ. ಯಾರ ಮನಸ್ಸಿನಲ್ಲಿ ಏನಿತ್ತು ಎಂಬುದು ಸಾಬೀತಾಗದಿರಬಹುದು. ಆದರೆ ತಪ್ಪು ಗೊತ್ತಾದ ಮೇಲೆ ಅದನ್ನು ಸರಿಪಡಿಸಲು 57 ವರ್ಷ ಹಿಡಿದದ್ದು ಲೆಕ್ಕಿಗನ ಕೈತಪ್ಪಲ್ಲ.

ಕ್ಯಾರೊಲಿನಾ ಕನ್ನಡಿಗ

ನಾನು ಇರುವುದು ಉತ್ತರ ಕ್ಯಾರೊಲಿನಾದ ಗ್ರೀನ್ಸ್‌ಬರೊ ಬಳಿ. ಇಲ್ಲಿಂದ 29ನೆಯ ಹೆದ್ದಾರಿ ಹಿಡಿದು ಉತ್ತರಕ್ಕೆ ಹೊರಟರೆ ಡ್ಯಾನ್‌ವಿಲ್ ಬರುತ್ತದೆ. ಅಲ್ಲಿ ವೆಂಡೆಲ್ ಸ್ಕಾಟ್ ಡ್ರೈವ್ ಎಂಬ ರಸ್ತೆ ಇದೆ, 2013ರಲ್ಲಿ ರಾಜ್ಯ ಸರ್ಕಾರ ನಿಲ್ಲಿಸಿದ ಸ್ಮಾರಕ ಫಲಕವೂ ಇದೆ. ವರ್ಣಭೇದದ ಅಡೆತಡೆಗಳನ್ನು ಮುರಿದದ್ದರ ಜೊತೆಗೆ 20 ಮತ್ತು 147 ಎಂಬ ಆ ಎರಡು ಸಂಖ್ಯೆಗಳನ್ನೂ ಫಲಕದಲ್ಲಿ ಬರೆದಿದ್ದಾರೆ. ನನಗೆ ಅದು ಬಹಳ ಸರಿ ಎನಿಸಿತು.

2015ರ ಜನವರಿಯಲ್ಲಿ ಅವರ ಹೆಸರು ಷಾರ್ಲೆಟ್‌ನ ನ್ಯಾಸ್ಕಾರ್ ಹಾಲ್ ಆಫ್ ಫೇಮ್ ಸೇರಿತು, ಆ ಗೌರವ ಪಡೆದ ಮೊದಲ ಆಫ್ರಿಕನ್ ಅಮೆರಿಕನ್. ಅವರ ನಂತರ ಮೇಲಿನ ದರ್ಜೆಯಲ್ಲಿ ಇನ್ನೊಬ್ಬ ಕಪ್ಪುವರ್ಣೀಯ ಚಾಲಕ ಗೆಲ್ಲಲು 2021ರ ಅಕ್ಟೋಬರ್‌ವರೆಗೆ ಕಾಯಬೇಕಾಯಿತು. ಬಬ್ಬಾ ವಾಲೇಸ್, ಟಲಡೇಗಾದಲ್ಲಿ.

ಅಂಕಿ ಅಂಶ

ಟ್ರೋಫಿಯ ವಿಷಯದಲ್ಲಿ ಇತಿಹಾಸ ವಿದ್ಯಾರ್ಥಿನಿ ಅವರ ಮಾತಿಗೆ ನನ್ನಲ್ಲಿ ಎದುರುತ್ತರವಿಲ್ಲ. ಚಾಲನೆಯ ಪ್ರಶ್ನೆ ಮಾತ್ರ ಉಳಿದಿದೆ. ಸ್ಕಾಟ್ ಅವರನ್ನು ಪೆಟ್ಟಿಯ ಪಕ್ಕದಲ್ಲಿ ಇಡುವುದು ಸರಿಯಲ್ಲವಾದರೆ, ಅವರಂತೆಯೇ ಕಂಪನಿಯ ಬೆಂಬಲವಿಲ್ಲದೆ ಸ್ವಂತ ಕಾರಿನಲ್ಲಿ ಓಡಿಸಿದ ಬಿಳಿಯ ಚಾಲಕರ ಪಕ್ಕದಲ್ಲಿ ಇಟ್ಟು ನೋಡಬೇಕು. ನಾನು ಹಾಗೆ ಇಟ್ಟು ನೋಡಿದೆ.

ಜೆ.ಡಿ. ಮ್ಯಾಕ್‌ಡಫಿ: 653 ರೇಸ್, ಒಂದೂ ಗೆಲುವಿಲ್ಲ, ಮೊದಲ ಹತ್ತರಲ್ಲಿ 106 ಬಾರಿ. ಸ್ಕಾಟ್: 495 ರೇಸ್, ಒಂದು ಗೆಲುವು, 147 ಬಾರಿ. ಅಂದರೆ ಮ್ಯಾಕ್‌ಡಫಿ ಆರು ರೇಸಿಗೊಮ್ಮೆ ಮಾಡಿದ್ದನ್ನು ಸ್ಕಾಟ್ ಮೂರು ರೇಸಿಗೊಮ್ಮೆಗಿಂತ ತುಸು ಕಡಿಮೆ ಮಾಡಿದರು. ಇನ್ನೊಂದು ಬದಿಯಲ್ಲಿ ಜೇಮ್ಸ್ ಹಿಲ್ಟನ್ ಇದ್ದಾರೆ: 602 ರೇಸ್, ಎರಡು ಗೆಲುವು, 301 ಬಾರಿ ಮೊದಲ ಹತ್ತರಲ್ಲಿ, 1966ರಲ್ಲಿ ಅಂಕಪಟ್ಟಿಯಲ್ಲಿ ಎರಡನೆಯವರು. ಅವರು ಸ್ಕಾಟ್‌ಗಿಂತ ಸ್ಪಷ್ಟವಾಗಿ ಮೇಲಿದ್ದಾರೆ. ಹಾಗಾಗಿ ಸ್ಕಾಟ್ ತಮ್ಮ ಗುಂಪಿನಲ್ಲಿ ಮೇಲಿನ ಮಟ್ಟದವರು ಎಂಬುದನ್ನು ಸಂಖ್ಯೆಗಳೇ ಹೇಳುತ್ತವೆ. ಎಲ್ಲರಿಗಿಂತ ಮೇಲು ಎಂದು ಹೇಳುವುದಿಲ್ಲ.

ಹಳೆಯ ಎಂಜಿನ್

ಈ ಹೋಲಿಕೆ ಬಹಳ ಉಪಯುಕ್ತ. ಹಿಲ್ಟನ್ ದೊಡ್ಡ ಚಾಲಕ, ಅದರಲ್ಲಿ ಎರಡು ಮಾತಿಲ್ಲ. ಆದರೆ ಅವರು ಮೇಲಿನ ದರ್ಜೆಗೆ ಬಂದಾಗ ಇನ್ನೂ ಮೂವತ್ತರ ಆಸುಪಾಸು, ಮತ್ತು ಅವರಿಗೆ ಯಾವ ಮೈದಾನವೂ ಬಾಗಿಲು ಮುಚ್ಚಲಿಲ್ಲ. ಸ್ಕಾಟ್ ಜೀವನವಿಡೀ ಪ್ರಾಯೋಜಕರಿಗಾಗಿ ಅಲೆದರು. ಇತರರು ಬಳಸಿ ಬಿಟ್ಟ ಬಿಡಿಭಾಗಗಳನ್ನು ಕೊಂಡು ಕಾರು ಕಟ್ಟಿದರು. ಹೊಡೆದಾಡಿದರೆ ತನ್ನನ್ನೇ ಹೊರಹಾಕುತ್ತಾರೆಂದು ತಿಳಿದಿದ್ದರಿಂದ, ಬೇಕೆಂದೇ ಗುದ್ದಿದವರನ್ನೂ ತಿರುಗಿ ಗುದ್ದದೆ ಸಹಿಸಿಕೊಂಡರು. ಗೋಡೆಗೆ ಬಡಿದ ಕಾರನ್ನು ಸೋಮವಾರ ರಿಪೇರಿ ಮಾಡಬೇಕಾದವರೂ ಅವರೇ.

1972ರಲ್ಲಿ ಷಾರ್ಲೆಟ್‌ನ ವರ್ಲ್ಡ್ 600 ರೇಸಿಗೆ ಮೈದಾನದ ಮುಖ್ಯಸ್ಥ ರಿಚರ್ಡ್ ಹೊವರ್ಡ್, ಜೂನಿಯರ್ ಜಾನ್ಸನ್ ಗ್ಯಾರೇಜಿನ ಷೆವ್ರೊಲೆಯೊಂದನ್ನು ಸ್ಕಾಟ್‌ಗೆ ಕೊಡಿಸಿದರು. ದೊಡ್ಡ ತಂಡದ ಕಾರು ಕೈಗೆ ಬಂದಾಗ ಅವರಿಗೆ ಐವತ್ತು ದಾಟಿತ್ತು. ಎಂಜಿನ್ ಕೈಕೊಟ್ಟು ರೇಸ್ ಮುಗಿಯುವ ಮೊದಲೇ ಹೊರಬಂದರು.

ಗ್ಯಾರೇಜಿನವನು

1973ರ ಅಪಘಾತದ ಬಗ್ಗೆ ಯಾರಾದರೂ ಬರೆಯಿರಿ. ಅಲ್ಲಿಗೇ ಮುಗಿಯಿತೇ?

ಧೂಳಿನ ದಾರಿ

ಮೇ 6, ಟಲಡೇಗಾ. ಸಾಲ ಮಾಡಿ ಒಂದು ಒಳ್ಳೆಯ ಮರ್ಕ್ಯುರಿ ಕಾರು ಕೊಂಡಿದ್ದರು. 60 ಕಾರುಗಳು ಓಟಕ್ಕಿಳಿದಿದ್ದವು. ರೇಸ್ ಶುರುವಾಗಿ ಹತ್ತು ಸುತ್ತು ಆಗುವ ಮೊದಲೇ 20ಕ್ಕೂ ಹೆಚ್ಚು ಕಾರುಗಳು ಒಂದಕ್ಕೊಂದು ಅಪ್ಪಳಿಸಿದವು. ಸ್ಕಾಟ್ ಅವರ ಪಕ್ಕೆಲುಬು, ಸೊಂಟದ ಮೂಳೆ, ಕಾಲು ಮುರಿದವು. ಕಾರು ಪೂರ್ತಿ ಹೋಯಿತು, ಸಾಲ ಉಳಿಯಿತು. ನಿತ್ಯದ ರೇಸಿಂಗ್ ಅಲ್ಲಿಗೆ ನಿಂತಿತು.

ಆದರೆ ಕೊನೆಯ ರೇಸ್ ಅದಲ್ಲ. ಐದು ತಿಂಗಳ ನಂತರ, ಅಕ್ಟೋಬರ್‌ನಲ್ಲಿ, ಷಾರ್ಲೆಟ್‌ನಲ್ಲಿ ಮತ್ತೆ ಚಕ್ರ ಹಿಡಿದರು. 52 ವರ್ಷದವರು, ಮುರಿದ ಮೂಳೆ ಕೂಡಿಕೊಂಡು ಹೆಚ್ಚು ದಿನವಾಗಿರಲಿಲ್ಲ. 12ನೆಯವರಾಗಿ ಮುಗಿಸಿದರು.

ಅಂಕಿ ಅಂಶ

ಆ 12ನೆಯ ಸ್ಥಾನ 147ರ ಲೆಕ್ಕದಲ್ಲಿ ಸೇರುವುದೇ ಇಲ್ಲ. ಮೊದಲ ಹದಿನೈದರೊಳಗೆ ಮುಗಿಸಿದ ರೇಸುಗಳನ್ನು, ಕಾರಿನ ವಯಸ್ಸಿನ ಜೊತೆಗೆ, ಋತುವಾರು ಪಟ್ಟಿ ಮಾಡಿದರೆ ಚಿತ್ರ ಇನ್ನಷ್ಟು ಸ್ಪಷ್ಟವಾಗುತ್ತದೆ. 1964ರಿಂದ 1969ರವರೆಗಿನ ಫಲಿತಾಂಶಗಳನ್ನು ನಾನು ಜೋಡಿಸುತ್ತೇನೆ. ಅವರ ಕಾರು ಯಾವ ವರ್ಷದ ಮಾದರಿ, ಯಾರಿಂದ ಕೊಂಡದ್ದು ಎಂಬ ಮಾಹಿತಿ ಹಳೆಯ ಎಂಜಿನ್ ಅವರ ಬಳಿ ಇದ್ದರೆ ಅದರ ಪಕ್ಕದಲ್ಲಿ ಸೇರಿಸಲಿ.